ಗಿಡಕ್ಕೆ ಹೊದಿಕೆ, ಮಣ್ಣಿಗೆ ಮುಚ್ಚಿಗೆ: ನಮ್ಮ ಕಡೆಯವರಿಗೆ ಒಂದಿಷ್ಟು ಕಿವಿಮಾತು

ನಮ್ಮ ಜಿಲ್ಲೆ 2007ರಲ್ಲಿ ರಾಮನಗರವಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಮಣ್ಣು ಮಾತ್ರ ಅದೇ ಕೆಂಪು ಗರಸು. ಜೋರು ಮಳೆ ಬಿದ್ದು ಹಿಂದೆಯೇ ಬಿಸಿಲು ಕಾದರೆ ಮೇಲ್ಪದರ ಹೆಪ್ಪುಗಟ್ಟುತ್ತದೆ, ಒಳಗಿನ ತೇವ ಹಾರಿಹೋಗುತ್ತದೆ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದ ಹುಡುಗರು, ಕನಕಪುರ ರಸ್ತೆ, ಮಾಗಡಿ ರಸ್ತೆಯ ಬದಿಯಲ್ಲಿ ಅರ್ಧ ಎಕರೆ ಕೊಂಡು ಭಾನುವಾರ ಬಂದು ಹೋಗುವವರು, ಎಲ್ಲರೂ ಮೊದಲು ತರುವುದು ಒಂದು ಉರುಳೆ ಹಸಿರು ಬಲೆ, ಒಂದು ಉರುಳೆ ಕಪ್ಪು ಹಾಳೆ. ಯಾಕೆ ತಂದಿರಿ ಎಂದರೆ ಉತ್ತರವಿರುವುದಿಲ್ಲ.

ನಾನು ಹೇಳುವುದು ಇಷ್ಟೇ. ಬಿಸಿಲು, ಹುಳ, ಕಳೆ, ತೇವ ಹಾರುವುದು, ಇವು ನಾಲ್ಕು ಬೇರೆ ಬೇರೆ ಕಾಟ. ನಾಲ್ಕಕ್ಕೂ ಬೇರೆ ಬೇರೆ ಬಟ್ಟೆ. ನಿಮ್ಮ ಕಾಟ ಯಾವುದು ಎಂದು ಗೊತ್ತು ಮಾಡಿಕೊಂಡು ಆಮೇಲೆ ಜೇಬಿಗೆ ಕೈ ಹಾಕಿ.

ಅಂಗಡಿಗೆ ಹೋಗುವ ಮುಂಚೆ

• ಮೊಬೈಲಿನಲ್ಲಿ ನೋಡುವ ಪರದೇಶದ ತೋಟದವರು ಹಿಮದಿಂದ ಕಾಪಾಡಲು ದಪ್ಪ ಬಟ್ಟೆ ಹೊದಿಸುತ್ತಾರೆ. ನಮ್ಮಲ್ಲಿ ಮಾಗಿಯಲ್ಲಿ ಇಬ್ಬನಿ ಬೀಳುತ್ತದೆ, ಹಿಮ ಗಟ್ಟುವುದಿಲ್ಲ. ಆ ದಪ್ಪ ಬಟ್ಟೆ ನಮಗೆ ದಂಡ. ಇಲ್ಲಿ ಗಿಡ ಸಾಯುವುದು ಏಪ್ರಿಲ್ ಬಿಸಿಲಿಗೆ, ಬಿಳಿ ನೊಣ ತರುವ ರೋಗಕ್ಕೆ, ನೀರಿಲ್ಲದ ವಾರಗಳಿಗೆ.

• ರೇಷ್ಮೆ ಮನೆಯ ಬುದ್ಧಿಯನ್ನು ತೋಟಕ್ಕೂ ತನ್ನಿ. ಊಜಿ ನೊಣ 1980ರಲ್ಲಿ ಬಂಗಾಳದ ಕಡೆಯಿಂದ ಬಂದ ಗೂಡಿನ ಜೊತೆ ನಮ್ಮ ರಾಜ್ಯಕ್ಕೆ ಕಾಲಿಟ್ಟಿತು. ಆಮೇಲೆ ಹುಳು ಸಾಕುವ ಮನೆಗಳ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಬಲೆ ಬಂತು. ಬೆರಳಗಲ ಸಂದಿ ಬಿಟ್ಟರೂ ನೊಣ ನುಗ್ಗಿ ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಹೋಗುತ್ತದೆ ಎಂಬುದು ಇಲ್ಲಿನ ಹೆಂಗಸರಿಗೆಲ್ಲ ಗೊತ್ತು. ತೋಟದ ಬಲೆಗೂ ಅದೇ ಕಾನೂನು. ಎಷ್ಟು ದುಬಾರಿ ಬಲೆಯಾದರೂ ಅಂಚು ಮುಚ್ಚದಿದ್ದರೆ ದುಡ್ಡು ದಂಡ.

• ಬಟ್ಟೆಯ ತೂಕವನ್ನು ಜಿಎಸ್‌ಎಂ ಎನ್ನುತ್ತಾರೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎನ್ನುವ ಲೆಕ್ಕ ಅದು, ಅಷ್ಟೇ. ಅಂಗಡಿಯವನು 17 ಜಿಎಸ್‌ಎಂ ಎಂದರೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ತುಂಡು 17 ಗ್ರಾಂ ಇರಬೇಕು. ಮಾದರಿ ತುಂಡು ಕೇಳಿ ಪಡೆದು ಪಕ್ಕದ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಡಿ. ಕಳೆ ತಡೆಯುವ ನೇಯ್ದ ಚಾಪೆಯಾದರೆ 100 ಗ್ರಾಂ ಆಸುಪಾಸು ತೂಗಬೇಕು. 60, 70 ಗ್ರಾಮಿನದು ಕಾಲಿಟ್ಟಲ್ಲಿ ಹರಿಯುತ್ತದೆ.

• ಹುಳ ತಡೆಯುವ ಬಲೆಗೆ ಮೆಶ್ ಲೆಕ್ಕ. 40 ಮೆಶ್ ಎಂದರೆ ಒಂದು ಅಂಗುಲಕ್ಕೆ 40 ಕಣ್ಣು. ಶಾಲೆ ಮಗುವಿನ ಸ್ಕೇಲು ಇಟ್ಟು ಅರ್ಧ ಅಂಗುಲದಲ್ಲಿ ಎಣಿಸಿ, 20 ಬರಬೇಕು. ಕಣ್ಣು ಸಾಲದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಎಣಿಸಿ.

• ಬಿಸಿಲು ತಡೆಯುವ ಯುವಿ ಸಂಸ್ಕರಣೆ ಆಗಿದೆಯೇ, ಎಷ್ಟು ವರ್ಷದ ಖಾತರಿ ಎಂದು ಕೇಳಿ, ಬಿಲ್ಲಿನ ಮೇಲೆ ಬರೆಸಿ. ಅದಿಲ್ಲದ ಪ್ಲಾಸ್ಟಿಕ್ ಏನಾಗುತ್ತದೆ ಎಂದು ನೋಡಬೇಕಾದರೆ ಬೇಲಿ ಮೇಲೆ ಒಂದು ಬೇಸಿಗೆ ಬಿದ್ದಿರುವ ಗೊಬ್ಬರದ ಚೀಲವನ್ನು ಎರಡು ಬೆರಳಲ್ಲಿ ಹಿಸುಕಿ. ಪುಡಿಪುಡಿಯಾಗಿ, ಎಳೆಎಳೆಯಾಗಿ ಉದುರುತ್ತದೆ. ಅದನ್ನೇ ಗಿಡದ ಬುಡಕ್ಕೆ ಹಾಸಿದರೆ ಆ ಪುಡಿಯೆಲ್ಲ ನಿಮ್ಮ ಮಣ್ಣಿಗೆ ಸೇರುತ್ತದೆ, ಮತ್ತೆ ಆರಿಸಲಾಗುವುದಿಲ್ಲ. ಯೂರಿಯಾ ಚೀಲ, ಸಿಮೆಂಟ್ ಚೀಲ ತೋಟಕ್ಕೆ ಹಾಸಬೇಡಿ.

• ಪ್ಲಾಸ್ಟಿಕ್ ಹೊದಿಕೆಗೂ ನೆರಳು ಮನೆಗೂ ತೋಟಗಾರಿಕೆ ಇಲಾಖೆಯಲ್ಲಿ ಸಹಾಯಧನದ ಯೋಜನೆಗಳಿವೆ. ಕೊಂಡ ಮೇಲೆ ಓಡಾಡಬೇಡಿ, ಕೊಳ್ಳುವ ಮುಂಚೆಯೇ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ನಿಮ್ಮ ಬೆಳೆಗೆ ಯಾವುದು ಸರಿ ಎಂದು ಅಲ್ಲಿ ಕೇಳಿದರೆ ಹೋಗಿಬರುವ ದುಡ್ಡಷ್ಟೇ ಖರ್ಚು.

ಬಿಸಿಲಿಗೆ ನೆರಳು ಬಲೆ

• ಬಲೆಯ ಮೇಲೆ ಬರೆದಿರುವ 35, 50, 75 ಎಂಬ ಅಂಕಿ ಅದು ಎಷ್ಟು ಪಾಲು ಬಿಸಿಲು ತಡೆಯುತ್ತದೆ ಎನ್ನುವುದನ್ನು ಹೇಳುತ್ತದೆ. ಟೊಮ್ಯಾಟೊ, ಮೆಣಸಿನಕಾಯಿ, ಕ್ಯಾಪ್ಸಿಕಂಗೆ ಬೇಸಿಗೆಯಲ್ಲಿ 35 ಸಾಕು. ಸಸಿ ಮಡಿಗೆ, ಕೊತ್ತಂಬರಿ ಸೊಪ್ಪಿಗೆ 50. ಮನೆ ಮುಂದಿನ ಆಂಥೂರಿಯಂ, ಜರೀಗಿಡಕ್ಕೆ 75. ಜಾಸ್ತಿ ಕೊಟ್ಟರೆ ಒಳ್ಳೆಯದು ಎಂದು ತರಕಾರಿ ಮೇಲೆ 75 ಎಳೆದರೆ ಗಿಡ ಉದ್ದಕ್ಕೆ ಸಣಕಲಾಗಿ ಬೆಳೆಯುತ್ತದೆ, ಕಾಯಿ ಕಚ್ಚುವುದಿಲ್ಲ.

• ಬಲೆಯನ್ನು ಗಿಡದ ತಲೆಯ ಮೇಲೇ ಹಾಕಬೇಡಿ. ಆಳೆತ್ತರಕ್ಕಿಂತ ಒಂದಡಿ ಮೇಲೆ ಕಟ್ಟಿ. ತಗ್ಗಿಗೆ ಕಟ್ಟಿದರೆ ಒಳಗೆ ಝಳ ನಿಲ್ಲುತ್ತದೆ, ಬಗ್ಗಿ ಕೆಲಸ ಮಾಡಿ ಸೊಂಟವೂ ಹೋಗುತ್ತದೆ. ಇಡೀ ತೋಟಕ್ಕೆ ದುಡ್ಡಿಲ್ಲದಿದ್ದರೆ ಪಡುವಣ ದಿಕ್ಕಿಗೆ ಮಾತ್ರ ಪರದೆಯಂತೆ ಇಳಿಬಿಡಿ. ಕೊಲ್ಲುವುದು ಮಧ್ಯಾಹ್ನ ಮೂರರ ಬಿಸಿಲು, ಬೆಳಗಿನದಲ್ಲ.

• ಕಪ್ಪು ಬಲೆ ಬಿಸಿಲು ಹೀರಿ ತಾನೂ ಕಾಯುತ್ತದೆ, ಬಿಳಿಯದು ತಂಪು. ನಾಲ್ಕು ಕಡೆ ಗಾಳಿ ಆಡುವ ಜಾಗವಾದರೆ ಹಸಿರು, ಕಪ್ಪು ಯಾವುದಾದರೂ ನಡೆಯುತ್ತದೆ. ಗೋಡೆಗಳ ನಡುವಿನ ತಾರಸಿ ತೋಟಕ್ಕೆ ಬಿಳಿಯದು ಹುಡುಕಿ.

• ಆಷಾಢದ ಗಾಳಿಯನ್ನು ಮರೆಯಬೇಡಿ. ಸಾವನದುರ್ಗದ ಸುತ್ತಿನಲ್ಲಿ, ಕನಕಪುರದ ಬಯಲಿನಲ್ಲಿ ಜುಲೈ ಗಾಳಿ ಬಲೆಯನ್ನು ಕಂಬದ ಸಮೇತ ಎತ್ತುತ್ತದೆ. ಮೃಗಶಿರಾ ಮಳೆ ಹಿಡಿದ ಮೇಲೆ ನೆರಳು ಬಲೆಗೆ ಹೆಚ್ಚು ಕೆಲಸವೂ ಇಲ್ಲ; ಮೋಡದ ದಿನಗಳಲ್ಲಿ ನೆರಳು ಸೇರಿದರೆ ಮಡಿಯ ಸಸಿ ಬುಡ ಕೊಳೆತು ಬೀಳುತ್ತದೆ. ಬಿಚ್ಚಿ, ಮಡಚಿ, ಒಳಗಿಡಿ.

• ನೆರಳಲ್ಲಿ ಬೆಳೆದ ಸಸಿಯನ್ನು ಏಕಾಏಕಿ ಬಯಲಿಗೆ ನಾಟಿ ಮಾಡಬೇಡಿ. ನಾಟಿಗೆ ಒಂದು ವಾರ, ಹತ್ತು ದಿನ ಇರುವಾಗ ಬೆಳಗಿನ ಹೊತ್ತು ಬಲೆ ಸರಿಸಿ, ದಿನಕ್ಕೊಂದು ಗಂಟೆ ಹೆಚ್ಚಿಸುತ್ತ ಬನ್ನಿ. ನೀರನ್ನೂ ಸ್ವಲ್ಪ ಕಡಿಮೆ ಮಾಡಿ.

ಹುಳಕ್ಕೆ ಪರದೆ

• ಟೊಮ್ಯಾಟೊ ಎಲೆ ಮುದುಡು ರೋಗವನ್ನು ತರುವುದು ಬಿಳಿ ನೊಣ. ಸಸಿ ಚಿಕ್ಕದಿದ್ದಾಗ ರೋಗ ಹತ್ತಿದರೆ ಆ ಗಿಡದ ಆಸೆ ಬಿಡಬೇಕು. ಹಾಗಾಗಿ ದುಡ್ಡು ಕಡಿಮೆ ಇದ್ದರೆ ಬಲೆಯನ್ನು ಸಸಿ ಮಡಿಗೇ ಹಾಕಿ, ಇಡೀ ಹೊಲಕ್ಕಲ್ಲ. ಬೀಜ ಹಾಕಿದ ದಿನದಿಂದ ನಾಟಿಯವರೆಗೆ, 25 ರಿಂದ 30 ದಿನ, 40 ಅಥವಾ 50 ಮೆಶ್ ಬಲೆಯ ಒಳಗಿರಲಿ. ಸೊಳ್ಳೆ ಪರದೆ ಪತಂಗ ತಡೆಯುತ್ತದೆ, ಬಿಳಿ ನೊಣ ಅದರೊಳಗೆ ಸಲೀಸಾಗಿ ತೂರುತ್ತದೆ.

• ಬಿದಿರ ದಬ್ಬೆಯನ್ನು ಬಿಲ್ಲಿನಂತೆ ಬಗ್ಗಿಸಿ ಮಡಿಯ ಎರಡೂ ಬದಿಗೆ ಚುಚ್ಚಿ, ಮೇಲೆ ಬಲೆ ಎಳೆದು, ಅಂಚಿನ ಮೇಲೆ ಉದ್ದಕ್ಕೂ ಮಣ್ಣು ಎಳೆಯಿರಿ. ಕಲ್ಲು ಇಟ್ಟರೆ ಕಲ್ಲು ಕಲ್ಲಿನ ನಡುವೆ ಸಂದಿ ಉಳಿಯುತ್ತದೆ. ದಬ್ಬೆಯ ಸಿಬಿರನ್ನು ಮೊದಲು ಕತ್ತಿಯಲ್ಲಿ ಹೆರೆದುಬಿಡಿ, ಇಲ್ಲವಾದರೆ ಮೊದಲ ಗಾಳಿಗೇ ಬಲೆ ಹರಿಯುತ್ತದೆ.

• 17 ರಿಂದ 20 ಜಿಎಸ್‌ಎಂನ ತೆಳು ಬಿಳಿ ನೇಯದ ಬಟ್ಟೆ ಕಲ್ಲಂಗಡಿ, ಕರಬೂಜ, ಸೌತೆಗೆ ಒಳ್ಳೆಯದು. ನೀರು, ಬೆಳಕು, ಗಾಳಿ ಮೂರೂ ಒಳಗೆ ಹೋಗುತ್ತವೆ. ಆದರೆ ಹೆಣ್ಣು ಹೂ ಬಂದ ದಿನ ಬಟ್ಟೆ ತೆಗೆಯಲೇಬೇಕು. ಹೂವಿನ ಹಿಂದೆ ಪುಟ್ಟ ಕಾಯಿಯಂತೆ ಉಬ್ಬಿದ್ದರೆ ಅದೇ ಹೆಣ್ಣು ಹೂ. ಆಮೇಲೂ ಮುಚ್ಚಿಟ್ಟರೆ ಜೇನು ಬರುವುದಿಲ್ಲ, ಕಾಯಿಯೂ ನಿಲ್ಲುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಈ ಬಟ್ಟೆಯ ಒಳಗೆ ಕಾವು ಏರಿ ಎಳೆ ಬಳ್ಳಿ ಬಾಡುತ್ತದೆ. ಇದು ಮಾಗಿ ಮತ್ತು ಶಿವರಾತ್ರಿ ಬಿತ್ತನೆಯ ಸಾಮಾನು.

• ಬಲೆ ಎಳೆಯುವ ಮುಂಚೆ ಎಲೆಯ ಅಡಿ ನೋಡಿ. ಹುಳ ಒಳಗೇ ಇದ್ದರೆ ನೀವು ಅದಕ್ಕೆ ಮನೆ ಕಟ್ಟಿಕೊಟ್ಟ ಹಾಗಾಯಿತು.

• ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ ಬಲೆಯ ಬೆಲೆ ಇನ್ನೂ ಹೆಚ್ಚು. ನಿಮ್ಮ ತರಕಾರಿಗೆ ಹೊಡೆದ ಔಷಧಿ ಗಾಳಿಯಲ್ಲಿ ಪಕ್ಕದವರ ಸೊಪ್ಪಿಗೆ ಬಿದ್ದು ಅವರ ಮನೆಯ ಹುಳು ಸತ್ತರೆ ಬದುವಿನ ಜಗಳ ಮೊಮ್ಮಕ್ಕಳ ಕಾಲದವರೆಗೂ ನಡೆಯುತ್ತದೆ. ಬಲೆ ಹಾಕಿ, ಔಷಧಿ ಉಳಿಸಿ.

ಮಣ್ಣಿಗೆ ಮುಚ್ಚಿಗೆ: ಮನೆಯದ್ದು ಮೊದಲು

• ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತು ಮುಚ್ಚಿಗೆಗೆ ಸರಿಯಾಗಿ ಹೊಂದುತ್ತದೆ. ತೆಂಗಿನ ಗರಿ, ಸಿಪ್ಪೆ, ಬಾಳೆ ಎಲೆ, ಕಬ್ಬಿನ ರವದಿ, ಅವರೆ ಹೊಟ್ಟು, ಹೊಂಗೆ ಸೊಪ್ಪು, ಹಿಪ್ಪುನೇರಳೆ ಸವರಿದ ಕಡ್ಡಿ, ಇಷ್ಟನ್ನು ಮೂಲೆಯಲ್ಲಿ ಸುಟ್ಟು ದುಡ್ಡು ಕೊಟ್ಟು ಹಾಳೆ ತರುವವರಿದ್ದಾರೆ. ರಾಗಿ ಹುಲ್ಲನ್ನು ಮಾತ್ರ ಹಾಸಬೇಡಿ, ಅದು ದನದ ಬಾಯಿಗೆ ಸೇರಬೇಕಾದ್ದು.

• ಮುಚ್ಚುವುದು ಮಳೆಗೆ ಮುಂಚೆಯಲ್ಲ, ಮಳೆ ಬಿದ್ದು ಹದ ಬಂದ ಮೇಲೆ. ಒಣ ಮಣ್ಣಿನ ಮೇಲೆ ದಪ್ಪಗೆ ಹಾಸಿದರೆ ಸಣ್ಣ ಮಳೆಯೆಲ್ಲ ಹೊದಿಕೆಯಲ್ಲೇ ಉಳಿದು ಆರುತ್ತದೆ, ಬೇರಿಗೆ ಇಳಿಯುವುದಿಲ್ಲ. ಹಸ್ತ, ಚಿತ್ತೆ ಮಳೆಯ ತೇವವನ್ನು ಹಿಡಿದಿಟ್ಟರೆ ಮಾವಿಗೂ ತೆಂಗಿಗೂ ಬೇಸಿಗೆಯ ಅರ್ಧ ದಾರಿ ಸವೆಯುತ್ತದೆ.

• ದಪ್ಪ ಮೂರರಿಂದ ನಾಲ್ಕು ಅಂಗುಲ. ಕಾಂಡದಿಂದ ಒಂದು ಗೇಣು ಬಿಟ್ಟು ಹಾಸಿ. ನಮ್ಮ ಕೆಂಪು ಮಣ್ಣಿನಲ್ಲಿ ಗೆದ್ದಲು ಇದ್ದೇ ಇದೆ. ಹುಲ್ಲು ಕಾಂಡಕ್ಕೆ ತಾಗಿದರೆ ಅದೇ ದಾರಿಯಲ್ಲಿ ತೊಗಟೆಗೆ ಹತ್ತುತ್ತದೆ.

• ತೆಂಗಿನ ಪಾತಿಗೆ ಬುಡದಿಂದ ಸುಮಾರು ಆರಡಿ ದೂರದವರೆಗೆ ಸುತ್ತಲೂ ಸಿಪ್ಪೆಯನ್ನು ಬೆನ್ನು ಮೇಲಾಗಿ ಜೋಡಿಸಿ. ಹೊಟ್ಟೆ ಮೇಲಾಗಿ ಇಟ್ಟರೆ ಅದರಲ್ಲಿ ನೀರು ನಿಂತು ಸೊಳ್ಳೆ ಮರಿ ಮಾಡುತ್ತದೆ. ಬೆಂಗಳೂರು–ಮೈಸೂರು ರಸ್ತೆಯ ಎಳನೀರು ಅಂಗಡಿಗಳ ಬುರುಡೆ ತರುವುದಾದರೆ ಮಚ್ಚಿನಲ್ಲಿ ನಾಲ್ಕು ಹೋಳು ಮಾಡಿ ಹಾಕಿ.

• ಚನ್ನಪಟ್ಟಣದ ಗೊಂಬೆ ಕೆಲಸದವರ ಲೇತಿನ ಬಳಿ ಹಾಲೆ ಮರದ ಹೊಟ್ಟು ರಾಶಿ ಬೀಳುತ್ತದೆ. ಬಣ್ಣ ಹಾಕುವ ಮುಂಚಿನ ಬಿಳಿ ಹೊಟ್ಟನ್ನು ಮಾತ್ರ ಕೇಳಿ ತನ್ನಿ. ಅದನ್ನು ಮಣ್ಣಿನ ಮೇಲೆ ಹರಡಿ, ಒಳಗೆ ಬೆರೆಸಬೇಡಿ. ಮರದ ಹೊಟ್ಟು ಕರಗುವಾಗ ಮಣ್ಣಿನ ಸಾರಜನಕವನ್ನು ತಾನು ತಿನ್ನುತ್ತದೆ, ಗಿಡ ಹಳದಿಯಾಗುತ್ತದೆ. ಹರಡುವ ಮುಂಚೆ ಒಂದು ಪದರ ಕೊಟ್ಟಿಗೆ ಗೊಬ್ಬರ ಹಾಕಿದರೆ ಸರಿಹೋಗುತ್ತದೆ.

• ರೇಷ್ಮೆ ಹುಳುವಿನ ಹಿಕ್ಕೆ, ಉಳಿದ ಸೊಪ್ಪು ಚಿನ್ನದಂಥ ಗೊಬ್ಬರ. ಆದರೆ ಹಸಿಯಾಗಿ ಹಿಪ್ಪುನೇರಳೆ ಬುಡಕ್ಕೆ ಸುರಿಯಬೇಡಿ. ಸತ್ತ ಹುಳುವಿನ ರೋಗ ಸೊಪ್ಪಿನ ಮೂಲಕ ಮತ್ತೆ ಮನೆಗೇ ಬರುತ್ತದೆ. ಗುಂಡಿಯಲ್ಲಿ ಕೊಳೆಸಿ, ಆಮೇಲೆ ಹಾಕಿ.

• ಸೆಣಬಿನ ಗೋಣಿತಾಟು ಬೀಜದ ಮಡಿಗೆ ಬಹಳ ಒಳ್ಳೆಯ ಬಟ್ಟೆ. ಕೊತ್ತಂಬರಿ, ಕ್ಯಾರೆಟ್, ಈರುಳ್ಳಿ ಬೀಜ ಬಿತ್ತಿ, ನೀರು ಕೊಟ್ಟು, ಒದ್ದೆ ತಾಟು ಹಾಸಿ. ಹಗಲಿಗೊಮ್ಮೆ ಅಂಚು ಎತ್ತಿ ನೋಡಿ. ಮಣ್ಣು ಬಿರುಕು ಬಿಟ್ಟು ಬಿಳಿ ಕೊಕ್ಕಿ ಕಂಡ ಸಂಜೆಯೇ ತೆಗೆಯಿರಿ. ಒಂದು ದಿನ ತಡವಾದರೆ ಮೊಳಕೆ ತಾಟಿನ ಎಳೆಗೆ ಹೆಣೆದುಕೊಂಡು ತಾಟಿನ ಜೊತೆಗೇ ಕಿತ್ತು ಬರುತ್ತದೆ. ಬೆಳಗ್ಗೆ ತೆಗೆದರೆ ಮೊಳಕೆ ಮೊದಲ ದಿನವೇ ಸುಡುತ್ತದೆ, ಆದ್ದರಿಂದ ಸಂಜೆ.

ಪ್ಲಾಸ್ಟಿಕ್ ಹಾಳೆ, ಕಳೆ ಚಾಪೆ

• ಹನಿ ನೀರಾವರಿ ಇಲ್ಲದವರು ಮಲ್ಚಿಂಗ್ ಹಾಳೆಯ ತಂಟೆಗೆ ಹೋಗಬೇಡಿ. ಮಳೆ ನೀರು ಅದರೊಳಗೆ ಇಳಿಯುವುದಿಲ್ಲ. ರಾಗಿ, ಅವರೆ, ತೊಗರಿಯ ಖುಷ್ಕಿ ಹೊಲಕ್ಕೆ ಅದು ಶತ್ರು.

• ತರಕಾರಿಗೆ 25 ರಿಂದ 30 ಮೈಕ್ರಾನ್‌ನ ಬೆಳ್ಳಿ–ಕಪ್ಪು ಹಾಳೆ ಸಾಕು. ಬೆಳ್ಳಿ ಮೇಲೆ, ಕಪ್ಪು ಕೆಳಗೆ. ಕಪ್ಪು ಬದಿ ಬೆಳಕು ತಡೆದು ಕಳೆ ಕೊಲ್ಲುತ್ತದೆ, ಬೆಳ್ಳಿಯ ಹೊಳಪಿಗೆ ಹೇನು, ಬಿಳಿ ನೊಣ ಕಣ್ಣು ಕೋರೈಸಿ ದೂರವಾಗುತ್ತವೆ. ನಾಲ್ಕಡಿ ಅಗಲದ ಹಾಳೆಗೆ ಮಡಿಯ ತಲೆ ಎರಡೂವರೆ ಅಡಿ ಇರಲಿ. ಉಳಿದದ್ದು ಎರಡು ಬದಿ ಇಳಿದು ಮಣ್ಣಿನಲ್ಲಿ ಹೂತಿರಬೇಕು.

• ಮಡಿಯ ಕಲ್ಲು, ಕೂಳೆ ಆರಿಸಿ, ಗೊಬ್ಬರ ಹಾಕಿ, ಹನಿ ಕೊಳವೆ ಎಳೆದು, ನೀರು ಬಿಟ್ಟು ಎಲ್ಲ ಕಣ್ಣೂ ತೊಟ್ಟಿಕ್ಕುತ್ತಿದೆಯೇ ನೋಡಿ ಆಮೇಲೆ ಹಾಳೆ ಹಾಸಿ. ಉರಿ ಬಿಸಿಲಲ್ಲಿ ಹಾಸಿದರೆ ಹಿಗ್ಗಿದ ಹಾಳೆ ರಾತ್ರಿ ಕುಗ್ಗಿ ಬಿಗಿದುಕೊಂಡು ಹರಿಯುತ್ತದೆ. ಬೆಳಗ್ಗೆ ಹಾಸಿ, ಸಂಜೆ ನಾಟಿ ಮಾಡಿ. ಎಳೆ ಕಾಂಡ ಕಾದ ಹಾಳೆಯ ಅಂಚಿಗೆ ತಾಗದಂತೆ ತೂತನ್ನು ಎರಡು ಮೂರು ಅಂಗುಲ ಅಗಲ ಮಾಡಿ.

• ಜೇಕು ಇರುವ ಹೊಲದಲ್ಲಿ ಹಾಳೆಯನ್ನು ನಂಬಬೇಡಿ. ಅದರ ಚೂಪು ಮೊಳಕೆ ಹಾಳೆಯನ್ನೇ ತೂತು ಮಾಡಿ ಮೇಲೆ ಬರುತ್ತದೆ. ಮೊದಲು ಬೇಸಿಗೆಯಲ್ಲಿ ಉತ್ತು ಗಡ್ಡೆ ಆರಿಸಿ. ಪಾರ್ಥೇನಿಯಂ ಬೀಜದ ಕಾಟವಾದರೆ ಬೇರೆ ಉಪಾಯ: ಏಪ್ರಿಲ್‌ನಲ್ಲಿ ಮಡಿಗೆ ನೀರು ಹಾಯಿಸಿ, ಕಪ್ಪಲ್ಲ, ಪಾರದರ್ಶಕ ಹಾಳೆ ಹಾಸಿ ಅಂಚು ಮುಚ್ಚಿ ನಾಲ್ಕರಿಂದ ಆರು ವಾರ ಬಿಡಿ. ಬಿಸಿಲೇ ಬೀಜವನ್ನು ಬೇಯಿಸುತ್ತದೆ.

• ಕಳೆ ಚಾಪೆಯ ಜಾಗ ಓಡಾಡುವ ದಾರಿ, ಸಸಿ ತಟ್ಟೆ ಇಡುವ ನೆಲ. ಮಾವಿನ ಬುಡಕ್ಕೆ, ಹೂವಿನ ಪಾತಿಗೆ ಹಾಸಿ ಮೇಲೆ ತರಗು ಸುರಿಯಬೇಡಿ. ಎರಡು ವರ್ಷದಲ್ಲಿ ಆ ತರಗು ಮಣ್ಣಾಗಿ, ಕಳೆ ಚಾಪೆಯ ಮೇಲೇ ಹುಟ್ಟಿ ಬೇರನ್ನು ಅದರೊಳಗೆ ಇಳಿಸುತ್ತದೆ. ಆಮೇಲೆ ಕಳೆಯೂ ಬರುವುದಿಲ್ಲ, ಚಾಪೆಯೂ ಬರುವುದಿಲ್ಲ.

ಹಣ್ಣಿಗೆ ಚೀಲ, ಹೊಲಕ್ಕೆ ಸೀರೆ

• ಬಾದಾಮಿ, ರಸಪುರಿ ಮಾವಿನ ನಾಲ್ಕು ಮರ ಮನೆ ಮಟ್ಟಿಗೆ ಇದ್ದರೆ ಕಾಯಿ ಕೋಳಿಮೊಟ್ಟೆ ಗಾತ್ರವಾದಾಗ ಕಾಗದದ ಚೀಲ ಕಟ್ಟಿ. ಹಣ್ಣಿನ ನೊಣ ಮೊಟ್ಟೆ ಇಡುವುದು ಕಾಯಿ ಬಲಿಯುವ ಹೊತ್ತಿಗೆ, ಅಷ್ಟರೊಳಗೆ ಚೀಲ ಇರಬೇಕು. ಪಾಲಿಥೀನ್ ಚೀಲ ಕಟ್ಟಿದರೆ ಒಳಗೆ ಬೆವರು ಕೂತು ಹಣ್ಣು ಕೊಳೆಯುತ್ತದೆ. ಚೀಲದ ಬಾಯಿ ತೊಟ್ಟಿಗೆ ಬಿಗಿಯಾಗಿರಲಿ. ಬಾಳೆಗೊನೆಗೆ ಕೊನೆಯ ಚಿಪ್ಪು ಬಿಟ್ಟ ಮೇಲೆ ತೆಳು ನೇಯದ ಬಟ್ಟೆಯ ಉದ್ದ ಚೀಲ ತೊಡಿಸಿ, ಅಡಿ ತೆರೆದಿರಲಿ.

• ಹಂದಿ, ನವಿಲಿಗೆ ಹೊಲದ ಸುತ್ತ ಹಳೇ ಸೀರೆ ಕಟ್ಟುವ ಪದ್ಧತಿ ನಮ್ಮಲ್ಲಿದೆ. ಕಟ್ಟಿ, ತಪ್ಪಿಲ್ಲ. ಪ್ರಾಣಿ ಅದಕ್ಕೆ ಒಗ್ಗಿಹೋಗದಂತೆ ಆಗಾಗ ಜಾಗ ಬದಲಿಸಿ, ಫಸಲು ಮುಗಿದ ಕೂಡಲೇ ಬಿಚ್ಚಿ. ಹರಿದ ನೈಲಾನ್ ಬಲೆಯನ್ನು ನೆಲಕ್ಕೆ ತಾಗುವಂತೆ ಬಿಡಬೇಡಿ. ಕೇರೆ ಹಾವು ಅದರಲ್ಲಿ ಸಿಕ್ಕಿ ಸಾಯುತ್ತದೆ, ನಿಮ್ಮ ಹೊಲದ ಇಲಿ ಹಿಡಿಯುವುದು ಅದೇ.

ಕೆಲಸ ಮುಗಿದ ಮೇಲೆ

• ಬೆಳೆ ತೆಗೆದ ವಾರದಲ್ಲೇ ಹಾಳೆ ಸುತ್ತಿ ತೆಗೆಯಿರಿ. ರೋಟವೇಟರ್ ಹೊಡೆದ ಮೇಲೆ ತುಂಡು ಆರಿಸಲು ಯಾರಿಂದಲೂ ಆಗದು. ಸುಡಬೇಡಿ, ಬದುವಿನ ಮೇಲೆ ಎಸೆಯಬೇಡಿ. ದನ ತಿಂದರೆ ಹೊಟ್ಟೆ ಕಟ್ಟಿಕೊಳ್ಳುತ್ತದೆ. ಮಣ್ಣು ಕೊಡವಿ ಗುಜರಿಯವರಿಗೆ ಕೊಡಿ.

• ಬಲೆಯನ್ನು ತೊಳೆದು, ನೆರಳಲ್ಲಿ ಒಣಗಿಸಿ, ಅಟ್ಟದ ಮೇಲೆ ಇಲಿ ಸೇರದ ಡಬ್ಬದಲ್ಲಿಡಿ. ಒಳ್ಳೆಯ ನೆರಳು ಬಲೆ ಮೂರರಿಂದ ಐದು ವರ್ಷ ಬಾಳುತ್ತದೆ, ತೆಳು ನೇಯದ ಬಟ್ಟೆ ಒಂದು ಫಸಲು, ಜೋಪಾನ ಮಾಡಿದರೆ ಎರಡು. ಬೆಲೆಯನ್ನು ಬಾಳಿಕೆಯ ವರ್ಷದಿಂದ ಭಾಗಿಸಿ ನೋಡಿದ ಮೇಲೆ ಯಾವುದು ಅಗ್ಗ ಎಂದು ಮಾತಾಡಿ.

• ಕೊನೆಯದಾಗಿ, ಏನೇ ಹೊದಿಸಿದರೂ ಒಂದು ಸಾಲನ್ನು ಬರಿದೇ ಬಿಡಿ. ಮಧ್ಯಾಹ್ನ ಎರಡು ಗಂಟೆಗೆ ಎರಡೂ ಸಾಲಿನಲ್ಲಿ ನಾಲ್ಕು ಬೆರಳು ಆಳಕ್ಕೆ ಮಣ್ಣು ಕೆದಕಿ, ಮುಷ್ಟಿ ಕಟ್ಟಿ ನೋಡಿ: ಉಂಡೆಯಾಗುತ್ತದೆಯೋ, ಉದುರುತ್ತದೆಯೋ. ಎಷ್ಟು ಸಲ ನೀರು ಕೊಟ್ಟಿರಿ, ಎಷ್ಟು ಕಳೆ ಆಳು ಉಳಿಯಿತು, ಎಷ್ಟು ಕೆಜಿ ಬಂತು, ಎರಡೂ ಸಾಲಿನದನ್ನು ಬರೆದಿಡಿ. ವ್ಯತ್ಯಾಸ ಕಂಡರೆ ಮುಂದಿನ ವರ್ಷ ಇಡೀ ತೋಟಕ್ಕೆ ತನ್ನಿ. ಕಾಣದಿದ್ದರೆ ಆ ದುಡ್ಡಿಗೆ ಒಂದು ಗಾಡಿ ಕೊಟ್ಟಿಗೆ ಗೊಬ್ಬರ ಹೊಡೆಸಿ.